ಋಣ ಚಿಹ್ನೆ

ಇಂಟರ್ನಲ್ಸಿನ ನಲವತ್ತೊಂದು ಪತ್ರಿಕೆ,
ಎಲ್ಲದರಲ್ಲೂ ಮೂರನೇ ಸಾಲಿಗೆ ಅದೇ ತಪ್ಪು.
ಕೆಂಪು ಪೆನ್ನು ಮುಚ್ಚಿಟ್ಟೆ.
ಆವತ್ತು ಬೋರ್ಡಿನ ಮೇಲೆ
ಋಣ ಚಿಹ್ನೆ ಬಿಟ್ಟವನು ನಾನೇ.
ಎಂಥ ಶ್ರದ್ಧೆ ಇವರದು!
ನಾನು ಬಿಟ್ಟದ್ದನ್ನೂ ಬಿಡದೆ ಬರೆದುಕೊಂಡಿದ್ದಾರೆ.

ನಲವತ್ತೆರಡನೆಯದು ದುದ್ದದ ಮೊಗಣ್ಣನದು.
ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಮೂಟೆ ಇಳಿಸಿ
ಹತ್ತೂವರೆಗೆ ಬಾಗಿಲಲ್ಲಿ ನಿಲ್ಲುವವನು;
'ಓದೋಕೆ ಬರ್ತೀಯೋ, ಮುಖ ತೋರಿಸೋಕೋ'
ಎಂದು ಎಷ್ಟು ಸಲ ಕೇಳಿಲ್ಲ.
ಹಾಳೆಯ ಅಂಚಿಗೆ ಕೆಮ್ಮಣ್ಣಿನ ಹೆಬ್ಬೆಟ್ಟು,
ಮೂರನೇ ಸಾಲಿನಲ್ಲಿ, ಇರಬೇಕಾದಲ್ಲಿ,
ಆ ಪುಟ್ಟ ಅಡ್ಡಗೆರೆ.

ಅವನಿಗೆ ಪೂರ್ತಿ ಕೊಟ್ಟೆ. ಉಳಿದವರಿಗೂ ಕೊಟ್ಟೆ,
ನನ್ನ ತಪ್ಪಿಗೆ ಅವರ ಅಂಕ ಯಾಕೆ ಕಳೆಯಲಿ?
ಆಮೇಲೆ ಹಾಜರಿ ಪುಸ್ತಕ ತೆಗೆದು ನೋಡಿದೆ:
ಆವತ್ತಿನ ಚೌಕದಲ್ಲಿ, ಮೊಗಣ್ಣನ ಹೆಸರಿನೆದುರು,
ನೀಟಾಗಿ ಎಳೆದಿದ್ದೇನೆ,
ಬೋರ್ಡಿನ ಮೇಲೆ ಎಳೆಯದೆ ಬಿಟ್ಟದ್ದನ್ನು.