ಒಗರು

ಎಮರಿ ಕಾಗದ ನೂರಾ ಇಪ್ಪತ್ತರಿಂದ ಶುರು,
ಸಾವಿರದ ಇನ್ನೂರರವರೆಗೆ.
ಉಕ್ಕಿನ ಬಿಲ್ಲೆ ಅಂಚೆಚೀಟಿಯಷ್ಟೇ ಅಗಲ;
ಉಜ್ಜಿ ಉಜ್ಜಿ ಕೊನೆಗೆ ಅದರಲ್ಲಿ ಕಿಟಕಿ ಕಾಣಬೇಕು,
ಕಿಟಕಿಯಾಚೆ ತೋಳಹುಣಸೆಯ ಒಣ ಬಯಲು.
ಆಮೇಲೆ ಅಸಿಟೋನಿನಲ್ಲಿ ತೊಳೆದು, ಆರಿಸಿ,
ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ
ಉಸಿರು ಹಿಡಿದು ಓದುತ್ತೇನೆ
ದಶಮಾಂಶದ ನಾಲ್ಕನೆಯ ಮನೆಯವರೆಗೆ.

ಎರಡು ಬೀಕರು. ಎರಡರಲ್ಲೂ ಆಮ್ಲ.
ಮೊದಲನೆಯದಕ್ಕೆ ಏನೂ ಬೆರೆಸುವುದಿಲ್ಲ.
ಬಿಲ್ಲೆ ಮುಳುಗಿದ್ದೇ ತಡ, ಮೈತುಂಬ ಗುಳ್ಳೆ,
ಮಂಡಕ್ಕಿ ಭಟ್ಟಿಯ ಕಾದ ಮರಳಿಗೆ ಅಕ್ಕಿ ಸುರಿದ ಹಾಗೆ.
ಎರಡನೆಯದಕ್ಕೆ ತಂಗಡಿ ತೊಗಟೆಯ ಕಷಾಯ.
ಅಲ್ಲಿ ಒಂದು ಗುಳ್ಳೆ ಏಳುತ್ತದೆ, ನಿಲ್ಲುತ್ತದೆ,
ಇನ್ನೊಂದು ಬರಲೋ ಬೇಡವೋ ಎಂದು.

ತೊಗಟೆ ತಂದದ್ದು ನಾನೇ.
ಭರಮಸಾಗರದಲ್ಲಿ ಬಸ್ಸಿಳಿದು ಅಜ್ಜನ ಊರಿನ ಹಾದಿ ಹಿಡಿದರೆ
ಎರಡೂ ಬದಿ ಹಳದಿ ಹೂವು, ಮೇಕೆ ಮೂಸಿ ಬಿಡುವ ಗಿಡ.
ಕುಡುಗೋಲಿನಲ್ಲಿ ಸುಲಿಯುತ್ತಿದ್ದಾಗ
ಬೈಕು ನಿಲ್ಲಿಸಿ ಒಬ್ಬರು ಕೇಳಿದರು: "ಯಾರ ಪೈಕಿ?"
ಹೇಳಿದೆ.
"ಓ, ಕೆಂಚಪ್ಪನ ಮೊಮ್ಮಗಳಾ. ಮತ್ತೆ ಶುರು ಮಾಡಿದ್ರಾ?"

ಗೈಡ್ ಕೂಡ ಕೇಳಿದ್ದರು, ಈ ಗಿಡವೇ ಯಾಕೆ ಅಂತ.
ಸ್ಥಳೀಯವಾಗಿ ಸಿಗುತ್ತದೆ, ಅಗ್ಗ, ವಿಷವಲ್ಲ,
ಬರೆದುಕೊಟ್ಟೆ. ಮೂರೂ ನಿಜ.
ಬರೆಯದೆ ಬಿಟ್ಟದ್ದು ಹಿತ್ತಲಿನ ಕಲ್ಲುಬಾನಿ,
ಅದರಲ್ಲಿ ಇದೇ ಬಣ್ಣದ ನೀರು,
ಮೊಣಕೈವರೆಗೆ ಅದ್ದಿದ ಅಜ್ಜನ ಕೈ.
ಆ ಕಂದು ಸೋಪಿಗೆ ಹೋಗಲಿಲ್ಲ,
ಹಬ್ಬದ ಎಣ್ಣೆನೀರಿಗೆ ಹೋಗಲಿಲ್ಲ,
ಅವನ ಜೊತೆ ಮಣ್ಣಿಗೇ ಹೋಯಿತು.

ಅವನು ಹದ ಮಾಡಿದ ತೊಗಲು
ಕಪಿಲೆಯ ಹಗ್ಗ ಕಟ್ಟಿಸಿಕೊಂಡು ಊರ ಬಾವಿಗಿಳಿದು
ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು ದಿನಕ್ಕೆ ನೂರು ಸಲ.
ಅವನ ಕೊಡ ಕಟ್ಟೆಯ ಕೆಳಗೆ ಕಾಯುತ್ತಿತ್ತು,
ಯಾರಾದರೂ ಮೇಲಿನಿಂದ ಹೊಯ್ಯಲಿ ಎಂದು.

ಪಕ್ಕದ ಮೇಜಿನ ನಾಜಿಮಾಳದು ನುಗ್ಗೆಸೊಪ್ಪು.
ನನ್ನ ಬೀಕರು ಮೂಸಿ ಮೂಗು ಹಿಡಿದಳು:
"ಏನೇ ಇದು, ಹೊಸ ಚಪ್ಪಲಿ ವಾಸನೆ!"
ನಕ್ಕೆ. ಒಂದು ಕ್ಷಣ ತಡವಾಗಿ ನಕ್ಕೆ.
ಅವಳು ಆಗಲೇ ತನ್ನ ಬಿಲ್ಲೆ ತೂಗುತ್ತಿದ್ದಳು.

ಆರು ಗಂಟೆಯಾದ ಮೇಲೆ ತೆಗೆದು, ತೊಳೆದು, ತೂಗಿದೆ.
ಬರೀ ಆಮ್ಲದಲ್ಲಿದ್ದದ್ದು ಕಳೆದುಕೊಂಡದ್ದು ನೂರಾ ಹನ್ನೆರಡು ಮಿಲಿಗ್ರಾಂ,
ತಂಗಡಿಯಲ್ಲಿದ್ದದ್ದು ಹತ್ತು.
ಒಗರು ಹೋಗಿ ಲೋಹದ ಮೈಗೆ ಕೂತಿದೆ
ಕಣ್ಣಿಗೆ ಕಾಣದ ತೊಗಲಾಗಿ.
ಉಕ್ಕಿಗೂ ಹದ ಬೇಕು ಅಂತ
ಯಾರಿಗೆ ಗೊತ್ತಿತ್ತು.

ಆದರೆ ಬಿಸಿ ಅರವತ್ತಕ್ಕೇರಿದರೆ ಹಿಡಿತ ಸಡಿಲ.
ಮೂರು ಸಲ ಮಾಡಿದೆ, ಮೂರು ಸಲವೂ ಅರ್ಧಕ್ಕರ್ಧ ಸೋಲು.
ಯಾಕೆಂದು ಪುಟಗಟ್ಟಲೆ ಓದಿ, ಗ್ರಾಫು ಗೀಚಿ,
ಹಾಸ್ಟೆಲಿನ ದೀಪ ಆರಿದ ಮೇಲೆ ನೆನಪಾಯಿತು
ಬಾನಿಯ ಮೇಲೆ ತೆಂಗಿನಗರಿ ಹೊದಿಸುತ್ತ ಅವನು ಅಂದದ್ದು:
"ಬಿಸ್ಲಿಗೆ ನೀರು ಕಾದ್ರೆ ಒಗರು ಕಚ್ಚಾಕಿಲ್ಲ ಮಗಾ.
ತಂಪಾಗಿಡು. ನಿಧಾನಕ್ಕೆ ಕಚ್ತೈತೆ."

ಆಕರಗಳ ಪಟ್ಟಿಯಲ್ಲಿ ನಲವತ್ತೇಳು ಹೆಸರಿವೆ.
ಈ ಮಾತಿಗೆ ಇಸವಿ ಇಲ್ಲ, ಪುಟವಿಲ್ಲ.
ನಲವತ್ತೆಂಟು ಎಂದು ಬರೆದು ಎದುರಿಗೆ ಖಾಲಿ ಬಿಟ್ಟಿದ್ದೆ.
ಟೈಪಿಂಗ್ ತಪ್ಪೆಂದು ಗೈಡ್ ಕೆಂಪು ಶಾಯಿಯಲ್ಲಿ ಹೊಡೆದಿದ್ದಾರೆ.

ಇವತ್ತು ಗ್ಲೌಸು ಹರಿದಿತ್ತು. ಬೆರಳ ತುದಿಯೆಲ್ಲ ಕಂದು.
ಮೆಸ್ಸಿನಲ್ಲಿ ನೀರಿನ ಡ್ರಮ್ಮಿನ ಮುಚ್ಚಳ ಸರಿಸಿ,
ಸ್ಟೀಲು ಲೋಟ ಹಿಡಿದ ಕೈಯನ್ನು
ಮಣಿಕಟ್ಟಿನವರೆಗೆ ಒಳಗಿಳಿಸಿ
ತುಂಬಿಕೊಂಡೆ.
ಸಾಲಿನಲ್ಲಿ ಹಿಂದಿದ್ದವಳು ಬೇಗ ಬೇಗ ಎಂದಳು.