ಜೂನ್ ಒಂದು

ನವೆಂಬರ್ ಬಂತಂದ್ರ ಚಿತ್ತಾಪುರದ ಖಜಾನಿ ಮುಂದ
ಬದುಕಿದ್ದವರ ಪಾಳಿ.
ಕೋಲು, ಔಷಧದ ಚೀಟಿ, ಆಧಾರ ಕಾರ್ಡು,
ಹಾಸುಗಲ್ಲಿನ ಕಟ್ಟಿ ಮ್ಯಾಲ ಚಾಚಿದ ಮೊಣಕಾಲು.
"ಬಾಯಾರ, ನಾ ಇದ್ದೀನ್ರಿ, ಬರಕೋರಿ" ಅಂತಾರ.
ಬರಕೋತೀನಿ.

ನನ್ನ ಹಿಂದಿನ ಟೇಬಲ್ಲಿನ ಅಂಬಾರಾಯನ ಜೇಬಿನ್ಯಾಗ
ಒಂದು ಝೆರಾಕ್ಸ್ ಇತ್ತು,
ಮಡಚಿ ಮಡಚಿ ನಡುವ ಹರಿದದ್ದು:
ಐವತ್ತರ ಆಸುಪಾಸು ನೌಕರಿ ಬಿಟ್ಟವ ಎಂಬತ್ತೈದು ಕಾಣತಾನ,
ಅರವತ್ತರ ತನಕ ಎಳದವಗ ಹದಿನೆಂಟೇ ತಿಂಗಳ.
ಯಾವ ಊರಿನ ಲೆಕ್ಕ, ಯಾರು ಎಣಿಸಿದ್ರು,
ಬುಡಕ ಸಹಿ ಇಲ್ಲ, ಶಿಕ್ಕಾ ಇಲ್ಲ.
ಶಿಕ್ಕಾ ಇಲ್ಲದ ಬಿಲ್ಲು ಜೀವಮಾನ ಪೂರ್ತಿ ವಾಪಸ್ ಕಳಿಸಿದವ
ಇದೊಂದನ್ನ ಪಾಸು ಮಾಡಿದ್ದ.

ಚಾದಂಗಡಿ ಮೌಲಾಲಿ ಹೂಂಗುಟ್ಟತಿದ್ದ:
"ಖರೇ ಅದ. ಜೀಪಿನ ಡ್ರೈವರ್ ಸಾಯಬಣ್ಣ
ಹಾರ ಹಾಕ್ಕೊಂಡ ವಾರಕ್ಕ ಹೋದ."
ಹೌದು, ಹೋದ.
ಕೊಳ್ಳಾಗಿನ ಹಾರ ಇನ್ನಾ ಬಾಡಿದ್ದಿಲ್ಲ ಅಂತ
ಇವತ್ತಿಗೂ ಹೇಳತಾರ.
ಬಾಡಿತ್ತು. ನಾ ನೋಡೀನಿ.

ನಮ್ಮ ರಜಿಸ್ಟರ್ ಬ್ಯಾರೇನೇ ಮಾತಾಡತದ.
ಖಮರುನ್ನಿಸಾ ಟೀಚರ್ ಇಪ್ಪತ್ಮೂರನೇ ಸರ್ತಿ ಸಹಿ ಮಾಡ್ಯಾರ,
ಪ್ರತಿ ಸರ್ತಿ ನನ್ನ ಪೆನ್ನು ಒಯ್ದಾರ.
ವಾಟರ್‌ಮನ್ ಭೀಮಶಾನ ಹೆಬ್ಬೆಟ್ಟಿನ ಗೆರಿ ಸವದು
ಮಷಿನ್ ಗುರ್ತಾ ಹಿಡೀವಲ್ದು;
"ನಾ ಅಲ್ಲಂದ್ರ ಮತ್ಯಾರೋ?" ಅಂತ ಮಷಿನಿಗೇ ಬೈದ.
ಇಂಥವರು ನಾಳೆ ಸತ್ತರ
ಆ ಸಾವಿಗೆ ರಿಟೈರ್ಮೆಂಟ್ ಅಂತ ಯಾರೂ ಹೆಸರಿಡಂಗಿಲ್ಲ.
ಬರೀ ಸಾವು ಅದು. ಚಾದಂಗಡಿ ಎಣಿಕಿಗಿಲ್ಲ.

ಅಂಬಾರಾಯ ಐವತ್ತೆರಡಕ್ಕ ಬಿಟ್ಟ.
ಝೆರಾಕ್ಸ್ ನಂಬಿ ಬಿಟ್ಟ ಅಂತ ಎಲ್ಲಾರೂ ತಿಳದ್ರು.
ಕಿಡ್ನಿ ರಿಪೋರ್ಟೂ ಅದೇ ಜೇಬಿನ್ಯಾಗ,
ಅದೇ ಮಡಿಕಿ ಒಳಗ ಇತ್ತಂತ
ಕಡೀಕ ಅವನ ಹೆಂಡತಿ ಹೇಳಿದಳು.
ಹತ್ತು ತಿಂಗಳ ಬದುಕಿದ.
ಕುಟುಂಬ ಪಿಂಚಣಿ ಫೈಲು ನಾನೇ ತೆರದೆ.
ಎಂಬತ್ತೈದರ ಲೆಕ್ಕಕ್ಕ ಮೂವತ್ತೆರಡು ವರ್ಷ ಕಮ್ಮಿ ಬಿದ್ದಾವ,
ಯಾವ ಕಾಲಂನಾಗ ಬರೀಲಿ?

ಇನ್ನೊಂದು ಮಾತು, ಯಾರೂ ಕೇಳಾದಿಲ್ಲ.
ಮೇ ಮೂವತ್ತೊಂದಕ್ಕ ನಮ್ಮ ಕಡಿ ಅರ್ಧ ಆಫೀಸು ಖಾಲಿ.
ಎಲ್ಲಾರೂ ಜೂನ್ ಒಂದಕ್ಕ ಹುಟ್ಟಿದವರು.
ಇಡೀ ತಾಲೂಕಿನ ಅವ್ವಂದಿರು
ಒಂದೇ ದಿನ ಹಡದ್ರೇನು?
ಸಾಲಿಗೆ ಹೆಸರು ಹಚ್ಚಲಿಕ್ಕೆ ಹೋದ ದಿನ
ಮಾಣಿಕರಾವ್ ಮಾಸ್ತರು ಕೇಳಿದ್ದು ಇಷ್ಟೇ:
"ತಲಿ ಮ್ಯಾಲಿಂದ ಬಲಗೈ ಹಾಯಿಸಿ ಎಡಗಿವಿ ಮುಟ್ಟು."
ಮುಟ್ಟಿದ್ರ ಆರು ವರ್ಷ.
ಮುಟ್ಟದಿದ್ರ ಬರೋ ವರ್ಷ ಬಾ.
ನನಗ ಅಕ್ಕನ ಸಂಗಡ ಕುಂದ್ರಬೇಕಿತ್ತು,
ಕತ್ತು ವಾರಿ ಮಾಡಿ ಮುಟ್ಟಿದೆ.
ಆ ವಾರಿ ಕತ್ತು ನನ್ನ ಸರ್ವಿಸ್ ಬುಕ್ಕಿನ್ಯಾಗ ಅದ,
ಕೆಂಪು ಶಾಯಿಲೆ, ಅಂಕಿಯೊಳಗೂ ಅಕ್ಷರದೊಳಗೂ.

ಅವ್ವನ ಲೆಕ್ಕ ಬ್ಯಾರೆ.
ಕಾಗಿಣಾ ಹೊಳಿ ಅಗಸಿ ತನಕ ಬಂದ ವರ್ಷ,
ಜ್ವಾಳದ ತೆನಿ ಹಾಲುಗಾಳು ಇದ್ದಾಗ.
ಯಾವ ವರ್ಷ ಅವ್ವಾ ಅದು?
"ಕರಿ ಎಮ್ಮಿ ಈದ ವರ್ಷ."

ಹಿಂಗಿದ್ದ ಮ್ಯಾಲ
ಅರವತ್ತು ಅಂದ್ರ ಎಷ್ಟು?
ಹದಿನೆಂಟು ತಿಂಗಳ ಎಲ್ಲಿಂದ ಎಣಿಸಾದು,
ಹೊಳಿಯಿಂದೋ, ಎಮ್ಮಿಯಿಂದೋ?

ಈ ಮೇ ತಿಂಗಳ ನಂದೂ ಆತು.
ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡಿ ಗಡಿಯಾರ.
ಮೌಲಾಲಿ ಚಾದ ರೊಕ್ಕ ತಗೋಲಿಲ್ಲ,
ನನ್ನ ಮಾರಿ ನೋಡಿದ,
ಬೆರಳು ಮಡಚತಿದ್ದನೋ ಏನೋ, ಕಪ್ಪಿನ ಹಿಂದ ಕಾಣಲಿಲ್ಲ.

ಮನಿಗೆ ಬಂದು, ಬಾಗಿಲಾ ಹಾಕಿ,
ಕನ್ನಡಿ ಮುಂದ ನಿಂತು
ಬಲಗೈ ತಲಿ ಮ್ಯಾಲಿಂದ ಹಾಯಿಸಿದೆ.
ಭುಜ ಹಿಡದದ.
ಬೈತಲಿ ಹತ್ರ ಬಂದು ಕೈ ನಿಂತಿತು,
ಕಿವಿ ಇನ್ನಾ ಅತ್ಲಾಕಡಿ.
ಬರೋ ವರ್ಷ ಬಾ, ಅಂದಾರು ಮಾಸ್ತರು.