ಹೇಳಬಾರದ ಪದ

ಗ್ರಿಮ್ಸ್‌ಬಿಯಲ್ಲಿ ರಾತ್ರಿ ಏಳೂವರೆಗೆ ವಾರ್ಡು ಕೈ ಬದಲಾಗುತ್ತದೆ.
ಹದಿನಾಲ್ಕು ಮಂಚ, ಕೂಗುವುದನ್ನು ಮರೆತ ಒಂದು ಕೆಟಲ್,
ರೇಡಿಯೇಟರಿನ ಮೇಲೆ ಯಾರದೋ ಒದ್ದೆ ಸಾಕ್ಸು,
ಮತ್ತು ಹೊಸಬರು. ಪ್ರತಿ ಸೆಪ್ಟೆಂಬರಿಗೂ ಹೊಸಬರು.

ಪ್ರಶ್ನೆಗಳು ಮಾತ್ರ ಹಳೆಯವು.
ಹನ್ನೆರಡು ತಾಸು ನಿಲ್ಲಲು ಯಾವ ಶೂ ಒಳ್ಳೆಯದು?
ರಕ್ತ ಕಂಡರೆ ತಲೆ ತಿರುಗುತ್ತದೆ, ಅಭ್ಯಾಸವಾಗುತ್ತದೆಯೇ?
ನಾಲ್ಕು ರಾತ್ರಿ ಒಟ್ಟಿಗೆ ಮಾಡುವುದೋ, ಬಿಡಿಬಿಡಿಯಾಗಿಯೋ?
ನನಗೆ ನಲವತ್ತೊಂದು, ತಡವಾಯಿತೇ?
ಸ್ಟೆತಸ್ಕೋಪು ಯಾವ ಬಣ್ಣದ್ದು ಕೊಳ್ಳಲಿ?
ಬಣ್ಣವಂತೆ! ಯಾವ ಬಣ್ಣದ್ದಾದರೂ
ಡಾಕ್ಟರು ಕೊರಳಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ ತಾಯಿ,
ಮೊದಲು ಹೆಸರು ಕೆತ್ತಿಸಿಕೋ.

ಹದಿನೇಳು ವರ್ಷ ಹೇಳಿದ್ದೇನೆ.
ನನ್ನ ಉತ್ತರಗಳು ಒರಳಿನ ಹಾಗೆ ನುಣುಪಾಗಿವೆ,
ಏನು ಹಾಕಿದರೂ ಜಾರುತ್ತದೆ, ಅರೆಯುವುದಿಲ್ಲ.

ಸಿಟ್ಟುಗಳೂ ಇವೆ, ಸಾಕಿಕೊಂಡಿದ್ದೇನೆ.
ಕೊನೆಯ ಜೋಡಿ ಗ್ಲೌಸು ಎಳೆದುಕೊಂಡು
ಖಾಲಿ ಡಬ್ಬಿಯನ್ನು ಗೋಡೆಗೇ ಬಿಡುವವರು.
ಪೆನ್ನು ಕೇಳುವವರು, ಕೇಳದೆ ಒಯ್ಯುವವರು.
ಹಾಲು ಮುಗಿಸಿ ಬಾಟಲಿಯನ್ನು ಮರಳಿ ಫ್ರಿಜ್ಜಿನಲ್ಲಿಡುವ ಪುಣ್ಯಾತ್ಮರು.
ಚಿಟಿಕೆ ಹೊಡೆದು ಕರೆಯುವ ಅಳಿಯಂದಿರು.
ಗದುಗಿನಿಂದ ನಡುರಾತ್ರಿ ಬರುವ ಫೋಟೋ, ಅತ್ತೆಯ ಮಗನ ಬೆನ್ನಿನ ಗಾದರಿ,
‘ಇದಕ್ಕೆ ಏನು ಹಚ್ಚೋದು?’
ಅದರ ಹಿಂದೆಯೇ, ‘ಡಾಕ್ಟರ್ ಆಗೋಕೆ ಮಾರ್ಕ್ಸ್ ಸಾಲಲಿಲ್ಲೇನು?’

ಇವೆಲ್ಲಕ್ಕಿಂತ ದೊಡ್ಡದು ಆ ಪದ.
ಮೊನ್ನೆ ಎರಡನೇ ರಾತ್ರಿಗೆ ಬಂದ ಟ್ರೇಸಿ ಬ್ಲಾಂಚರ್ಡ್
(ನಲವತ್ತೊಂದು ಅವಳದೇ;
ಹತ್ತೊಂಬತ್ತು ವರ್ಷ ಮೀನಿನ ಫ್ಯಾಕ್ಟರಿಯಲ್ಲಿ ಹ್ಯಾಡಕ್ ಸೀಳಿದ ಕೈ)
ಕಾರಿಡಾರಿನ ತುದಿಗೆ ನೋಡಿ ಅಂದೇಬಿಟ್ಟಳು:
ಇವತ್ತು ಎಷ್ಟು ಶಾಂತ ಇದೆ, ಅಲ್ವಾ?

ಮೋರೀನ್ ಮೇಜು ಮುಟ್ಟಿದಳು. ಪೋರ್ಟರ್ ಶಿಲುಬೆ ಬರೆದುಕೊಂಡ.
ಹತ್ತು ನಿಮಿಷಕ್ಕೆ ಮೂರು ಬೆಲ್ಲು, ಒಂದು ವಾಂತಿ,
ಹನ್ನೊಂದನೇ ಮಂಚದ ಮುದುಕ ಲಿಫ್ಟಿನಲ್ಲಿ ಪತ್ತೆ.
ಎಲ್ಲರೂ ಟ್ರೇಸಿಯನ್ನು ದುರುಗುಟ್ಟಿದರು.
ನಾನು ಬಗ್ಗಿ ನೆಲ ಒರೆಸುತ್ತಿದ್ದೆ. ಎದೆಯ ಮೇಲಿನ ಬ್ಯಾಡ್ಜು
ಗಡಿಯಾರದ ಹಾಗೆ ತೂಗುತ್ತಿತ್ತು: ಶಾಂತವ್ವ.
ಇವರಿಗೆ ನಾನು ಶಾನ್.
ಹದಿನೇಳು ವರ್ಷದಿಂದ ಅದೇ ಪದವನ್ನು ಚುಚ್ಚಿಕೊಂಡು
ವಾರ್ಡು ತುಂಬ ಓಡಾಡಿದ್ದೇನೆ, ಯಾರೂ ಕೇಳಿಲ್ಲ.

ಒಂಬತ್ತನೇ ಮಂಚದಲ್ಲಿ ವಾಲ್ಟರ್ ಥರಾಟ್,
ಐಸ್‌ಲೆಂಡಿನ ಚಳಿಯಲ್ಲಿ ಬಲೆ ಎಳೆದವರು.
ಅವರಿಗೆ ಒಂದೇ ಪ್ರಶ್ನೆ, ಏಳು ನಿಮಿಷಕ್ಕೊಮ್ಮೆ:
‘ನೀರು ಏರಿತೇ?’
ಇನ್ನೂ ಇಲ್ಲ ಮಿಸ್ಟರ್ ಥರಾಟ್, ಮಲಗಿ.
‘ನೀರು ಏರಿತೇ?’
ಇನ್ನೂ ಇಲ್ಲ, ಮಲಗಿ.
ಹನ್ನೊಂದು ರಾತ್ರಿ ಹೀಗೆಯೇ, ದನಿ ಒಮ್ಮೆಯೂ ಏರಿಸದೆ.
ಅದರ ಬಗ್ಗೆ ನನಗೆ ಕೊಂಚ ಹೆಮ್ಮೆಯೂ ಇತ್ತು, ಸುಳ್ಳೇಕೆ.

ಬಕೆಟ್ಟು ಹಿಡಿದು ಹೋಗುತ್ತಿದ್ದ ಟ್ರೇಸಿ ನಿಂತಳು.
‘ಐದು ಇಪ್ಪತ್ತಕ್ಕೆ ಭರತ, ವಾಲ್ಟ್. ಅಲ್ಲೀತನಕ ಲಾಕ್‌ಗೇಟು ತೆರೆಯಲ್ಲ.
ನಾನೇ ಎಬ್ಬಿಸ್ತೀನಿ.’
ಅವರು ಕೈಯ ಹಗ್ಗ ಬಿಟ್ಟಂತೆ ಚಾದರ ಬಿಟ್ಟರು.
ನಲವತ್ತು ನಿಮಿಷ ಮಲಗಿದರು.
ಸಮುದ್ರ ಇರುವುದು ಎರಡು ಮೈಲಿ ಆಚೆ.
ಹದಿನೇಳು ವರ್ಷದಲ್ಲಿ ಒಮ್ಮೆಯೂ
ನೀರು ಯಾವಾಗ ಏರುತ್ತದೆ ಎಂದು ನಾನು ನೋಡಿಲ್ಲ.

ನಾಲ್ಕು ಗಂಟೆಗೆ ಚಹಾ. ಹಾಲಿಲ್ಲ, ಖಾಲಿ ಬಾಟಲಿ ಇದೆ.
ಟ್ರೇಸಿ ನನ್ನ ಬ್ಯಾಡ್ಜನ್ನು ಅಕ್ಷರ ಅಕ್ಷರವಾಗಿ ಓದಿದಳು.
‘ಇದಕ್ಕೆ ಅರ್ಥ ಏನಾದರೂ ಇದೆಯಾ?’
ನಗು ಬಂತು. ಇಲ್ಲಿ ಬೇಡ ಮಾರಾಯ್ತಿ,
ಬೆಳಿಗ್ಗೆ ಹೇಳುತ್ತೇನೆ, ಕಾರ್ ಪಾರ್ಕಿನಲ್ಲಿ.

ಅಷ್ಟರಲ್ಲಿ ನಾಲ್ಕನೇ ಮಂಚದ ಬೆಲ್ಲು.
ಎದ್ದವಳು ಅವಳ ಕಾಲು ನೋಡಿದೆ.
ಶೂ ಕೇಳಿದ್ದೆಯಲ್ಲ?
ಅರ್ಧ ಸೈಜು ದೊಡ್ಡದು ತಗೋ.
ಎರಡು ಗಂಟೆ ದಾಟಿದ ಮೇಲೆ ಪಾದ ಊದುತ್ತದೆ,
ಎಲ್ಲರದ್ದೂ.